ಸುಂಟರಗಾಳಿಯ ಬೆನ್ನು ಹತ್ತುವವರಿಗೆ ರೇಡಿಯೊ: ಪರವಾನಗಿಯಿಂದ ವರದಿಯವರೆಗೆ

ಏಪ್ರಿಲ್‌ನಿಂದ ಜೂನ್‌ವರೆಗೆ ಅಮೆರಿಕದ ನಡುಭಾಗದ ಬಯಲಿನಲ್ಲಿ, ಅಂದರೆ ಟೆಕ್ಸಸ್‌ನಿಂದ ಒಕ್ಲಹೋಮ, ಕ್ಯಾನ್ಸಸ್, ನೆಬ್ರಾಸ್ಕಗಳವರೆಗೆ ಹರಡಿದ ಸಪಾಟು ನೆಲದಲ್ಲಿ, ಗುಡುಗುಮೋಡಗಳ ಬೆನ್ನು ಹತ್ತಿ ಕಾರಿನಲ್ಲಿ ಅಲೆಯುವವರು ಸಾಕಷ್ಟು ಮಂದಿ ಇದ್ದಾರೆ. ಡಲ್ಲಾಸ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಲ್ಲೂ ಈ ಗೀಳು ಹತ್ತಿಸಿಕೊಂಡವರು ಆಗೊಬ್ಬರು ಈಗೊಬ್ಬರು ಸಿಗುತ್ತಾರೆ. ಇವರಲ್ಲಿ ಹೆಚ್ಚಿನವರು ರಾಡಾರ್ ಚಿತ್ರ, ರಸ್ತೆಯ ನಕ್ಷೆ, ಗೆಳೆಯರ ಸಂದೇಶ ಎಲ್ಲವನ್ನೂ ಒಂದೇ ಫೋನಿನ ಮೇಲೆ ಹೊರಿಸಿ ಹೊರಡುತ್ತಾರೆ. ಹಳ್ಳಿಗಾಡಿನಲ್ಲಿ ಟವರುಗಳು ವಿರಳವಾಗಿರುತ್ತವೆ, ಬಿರುಗಾಳಿಗೆ ಅವುಗಳ ವಿದ್ಯುತ್ತು ಹೋಗುತ್ತದೆ, ಉಳಿದ ಒಂದೆರಡು ಟವರುಗಳ ಮೇಲೆ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ. ಹೀಗಾಗಿ ಫೋನು ಕೈಕೊಡುವುದು ಬಹುಮಟ್ಟಿಗೆ ಅದು ಬೇಕೇ ಬೇಕಾದ ಗಳಿಗೆಯಲ್ಲಿ. ರೇಡಿಯೊ ಆಗ ನೆರವಿಗೆ ಬರುತ್ತದೆ, ಆದರೆ ಅಂಗಡಿಯಿಂದ ತಂದು ಡ್ಯಾಶ್‌ಬೋರ್ಡಿನ ಮೇಲಿಟ್ಟ ಮಾತ್ರಕ್ಕೆ ಅಲ್ಲ. ಅದರ ಉಪಯೋಗದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಕೇಳಿಸಿಕೊಳ್ಳುವುದು. ಉಳಿದ ಒಂದು ಪಾಲು ಮಾತು, ಅದೂ ಹದಿನೈದು ಸೆಕೆಂಡಿನಲ್ಲಿ ಮುಗಿಯಬೇಕಾದ ಮಾತು. ಮುಂದಿನ ಹಂತಗಳನ್ನು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಜೋಡಿಸಿದ್ದೇನೆ.

ಹಂತ 1: ಯಾವ ರೇಡಿಯೊ, ಯಾವ ಪರವಾನಗಿ

ಅಮೆರಿಕದಲ್ಲಿ ಸಾಮಾನ್ಯರು ಹೆಚ್ಚಾಗಿ ಬಳಸುವ ರೇಡಿಯೊ ಸೇವೆಗಳು ನಾಲ್ಕು. ಮೊದಲನೆಯದು ಎಫ್‌ಆರ್‌ಎಸ್, ಅಂದರೆ ದೊಡ್ಡ ಅಂಗಡಿಗಳಲ್ಲಿ ಜೋಡಿಯಾಗಿ ಮಾರುವ ಸಣ್ಣ ವಾಕಿಟಾಕಿಗಳು. ಇದಕ್ಕೆ ಪರವಾನಗಿ ಬೇಡ, ಆದರೆ ಶಕ್ತಿ ಹೆಚ್ಚೆಂದರೆ 2 ವ್ಯಾಟ್, ಆಂಟೆನಾ ಬದಲಿಸುವಂತಿಲ್ಲ. ಹಿಂದೆಮುಂದೆ ಹೋಗುವ ಎರಡು ಕಾರುಗಳ ನಡುವಿನ ಮಾತಿಗೆ ಸಾಕು, ಅದರಾಚೆಗೆ ನೆಚ್ಚಬೇಡಿ. ಎರಡನೆಯದು ಸಿಬಿ. 27 ಮೆಗಾಹರ್ಟ್ಸ್ ಸುತ್ತಲಿನ 40 ಚಾನೆಲ್‌ಗಳಿರುವ ಇದಕ್ಕೂ ಪರವಾನಗಿ ಬೇಡ. ಹೆದ್ದಾರಿಯ ಲಾರಿ ಚಾಲಕರು 19ನೇ ಚಾನೆಲ್‌ನಲ್ಲಿ ಮಾತಾಡಿಕೊಳ್ಳುವುದರಿಂದ ಮುಂದೆ ರಸ್ತೆ ಕಟ್ಟಿಕೊಂಡಿದೆಯೇ ಎಂದು ತಿಳಿಯಲು ಈಗಲೂ ಪ್ರಯೋಜನವಿದೆ. ಮೂರನೆಯದಾದ ಜಿಎಂಆರ್‌ಎಸ್‌ಗೆ ಪರೀಕ್ಷೆಯಿಲ್ಲ. 35 ಡಾಲರ್ ಶುಲ್ಕ ಕಟ್ಟಿದರೆ ಹತ್ತು ವರ್ಷದ ಪರವಾನಗಿ ಸಿಗುತ್ತದೆ, ಹತ್ತಿರದ ಕುಟುಂಬದವರೂ ಅದರಡಿ ಮಾತಾಡಬಹುದು, ಮುಖ್ಯ ಚಾನೆಲ್‌ಗಳಲ್ಲಿ 50 ವ್ಯಾಟ್‌ವರೆಗೆ ಅನುಮತಿಯಿದೆ.

ನಾಲ್ಕನೆಯದು ಹ್ಯಾಮ್, ಅಂದರೆ ಹವ್ಯಾಸಿಗಳ ರೇಡಿಯೊ. ಇದೊಂದಕ್ಕೆ ಮಾತ್ರ ಪರೀಕ್ಷೆ ಬರೆಯಬೇಕು, ಮತ್ತು ನನ್ನ ಅಭಿಪ್ರಾಯದಲ್ಲಿ ಸುಂಟರಗಾಳಿಯ ಸೀಮೆಗೆ ಹೋಗುವವರು ಬರೆಯಲೇಬೇಕಾದ ಪರೀಕ್ಷೆಯೂ ಇದೇ, ಏಕೆಂದರೆ ಹವಾಮಾನ ಸೇವೆಗೆ ಕಣ್ಣಾರೆ ಕಂಡದ್ದನ್ನು ತಲುಪಿಸುವ ಸ್ವಯಂಸೇವಕರ ಜಾಲ ಬಹುತೇಕ ಕಡೆ ಹ್ಯಾಮ್ ಅಲೆಗಳ ಮೇಲೆಯೇ ನಡೆಯುತ್ತದೆ. ಮೊದಲ ದರ್ಜೆಯಾದ ಟೆಕ್ನಿಷಿಯನ್ ಪರೀಕ್ಷೆಯಲ್ಲಿ 35 ಪ್ರಶ್ನೆಗಳಿರುತ್ತವೆ, 26 ಸರಿಯಾದರೆ ತೇರ್ಗಡೆ. ಪ್ರಶ್ನೆಗಳ ಇಡೀ ಸಂಗ್ರಹವನ್ನು ಮೊದಲೇ ಪ್ರಕಟಿಸಿರುತ್ತಾರೆ. ಮೋರ್ಸ್ ಸಂಕೇತವನ್ನು ಕಲಿಯಬೇಕೆಂಬ ನಿಯಮ 2007ರಲ್ಲೇ ಹೋಯಿತು. ಅಮೆರಿಕದ ಪ್ರಜೆಯಾಗಿರಬೇಕೆಂದಿಲ್ಲ, ಅಲ್ಲಿನ ಒಂದು ಅಂಚೆ ವಿಳಾಸವಿದ್ದರೆ ಸಾಕು, ಆದ್ದರಿಂದ ಕೆಲಸದ ವೀಸಾದ ಮೇಲಿರುವವರೂ ವಿದ್ಯಾರ್ಥಿಗಳೂ ಬರೆಯಬಹುದು. ತೇರ್ಗಡೆಯಾದ ಕೆಲವೇ ದಿನಗಳಲ್ಲಿ ನಿಮ್ಮ ಕಾಲ್‌ಸೈನ್, ಅಂದರೆ ರೇಡಿಯೊದಲ್ಲಿ ನಿಮ್ಮನ್ನು ಗುರುತಿಸುವ ಅಕ್ಷರ-ಅಂಕಿಗಳ ಹೆಸರು, ಪರವಾನಗಿ ಕೊಡುವ ಸರ್ಕಾರಿ ಸಂಸ್ಥೆಯಾದ ಎಫ್‌ಸಿಸಿಯ ದಾಖಲೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಬೆಂಗಳೂರಿನಲ್ಲಿ ಹ್ಯಾಮ್ ಆಗಿದ್ದು ಆಮೇಲೆ ಅಮೆರಿಕಕ್ಕೆ ಬಂದವರಿಗೆ ಒಂದು ಎಚ್ಚರಿಕೆ ಹೇಳಬೇಕು. ಭಾರತದಲ್ಲಿ ನಮಗೆ ಕೊಟ್ಟಿರುವ 2 ಮೀಟರ್ ಪಟ್ಟಿ (ಸುಮಾರು 2 ಮೀಟರ್ ಉದ್ದದ ಅಲೆಗಳ ವ್ಯಾಪ್ತಿ) 144ರಿಂದ 146 ಮೆಗಾಹರ್ಟ್ಸ್‌ವರೆಗೆ ಮಾತ್ರ. ಅಮೆರಿಕದಲ್ಲಿ ಅದು 148ರವರೆಗೆ ಇದೆ, ಅಲ್ಲಿನ ಬಹಳಷ್ಟು ರಿಪೀಟರ್‌ಗಳೂ (ಬಂದ ಮಾತನ್ನು ಎತ್ತರದಿಂದ ಮರುಪ್ರಸಾರ ಮಾಡುವ ಕೇಂದ್ರಗಳು) ನೇರ ಸಂಪರ್ಕದ ಕರೆ ತರಂಗಾಂತರವಾದ 146.520 ಕೂಡ ಆ ಮೇಲಿನ ಅರ್ಧದಲ್ಲಿವೆ. ಊರಿನಿಂದ ತಂದ ಸೆಟ್ಟು 146ರ ಮೇಲೆ ಪ್ರಸಾರ ಮಾಡುತ್ತದೆಯೇ ಎಂಬುದನ್ನು ಮನೆಯಲ್ಲೇ ನೋಡಿಕೊಳ್ಳಿ.

ನಿಯಮಗಳಲ್ಲಿ ಎರಡನ್ನು ಮರೆಯಬಾರದು. ಹ್ಯಾಮ್ ಅಲೆಗಳನ್ನು ಹಣ ಗಳಿಸುವ ಕೆಲಸಕ್ಕೆ ಬಳಸುವಂತಿಲ್ಲ. ಸುಂಟರಗಾಳಿಯ ವಿಡಿಯೊ ಮಾರುವವರು ತಮ್ಮ ವ್ಯಾಪಾರದ ಮಾತನ್ನು ಬೇರೆ ಕಡೆ ಆಡಿಕೊಳ್ಳಬೇಕು. ಇನ್ನು, ಮಾತಿನ ನಡುವೆ ಹತ್ತು ನಿಮಿಷಕ್ಕೊಮ್ಮೆ ಮತ್ತು ಮಾತು ಮುಗಿಸುವಾಗ ಕಾಲ್‌ಸೈನ್ ಹೇಳಬೇಕು, ಅದನ್ನು ಇಂಗ್ಲಿಷಿನಲ್ಲೇ ಹೇಳಬೇಕು. ಮಿಕ್ಕ ಮಾತು ಯಾವ ಭಾಷೆಯಲ್ಲಾದರೂ ಇರಬಹುದು. ಇಬ್ಬರು ಕನ್ನಡಿಗರು ಎರಡು ಕಾರಿನಲ್ಲಿ ಹೊರಟರೆ ಕನ್ನಡದಲ್ಲಿ ಮಾತಾಡಿಕೊಳ್ಳಲು ಅಡ್ಡಿಯಿಲ್ಲ.

ಹಂತ 2: ಮೊದಲು ಕೇಳುವ ರೇಡಿಯೊ

ಮಾತಾಡುವ ಸೆಟ್ಟಿಗಿಂತ ಮೊದಲು ಕೇಳುವ ಸೆಟ್ಟನ್ನು ಸರಿಪಡಿಸಿಕೊಳ್ಳಿ. ಅಮೆರಿಕದ ಹವಾಮಾನ ಸೇವೆ ದಿನದ ಇಪ್ಪತ್ತನಾಲ್ಕು ಗಂಟೆಯೂ 162.400ರಿಂದ 162.550 ಮೆಗಾಹರ್ಟ್ಸ್‌ವರೆಗಿನ ಏಳು ತರಂಗಾಂತರಗಳಲ್ಲಿ ಪ್ರಸಾರ ಮಾಡುತ್ತದೆ. ದೇಶದಾದ್ಯಂತ ಸಾವಿರಕ್ಕೂ ಹೆಚ್ಚು ಪ್ರೇಷಕಗಳಿದ್ದು, ಒಂದೊಂದೂ ಸುಮಾರು 40 ಮೈಲಿ ದೂರದವರೆಗೆ ಕೇಳಿಸುತ್ತದೆ. ಎಚ್ಚರಿಕೆ ಹೊರಟಾಗ 1050 ಹರ್ಟ್ಸ್‌ನ ಉದ್ದನೆಯ ಸ್ವರ ಮೊಳಗುತ್ತದೆ. ಹೆಚ್ಚಿನ ಹ್ಯಾಮ್ ಸೆಟ್ಟುಗಳು ಈ ಪ್ರಸಾರವನ್ನು ಹಿಡಿಯುತ್ತವೆಯಾದರೂ, ಇದಕ್ಕೆಂದೇ ಒಂದು ಸಣ್ಣ ಪ್ರತ್ಯೇಕ ರೇಡಿಯೊ ಇಟ್ಟುಕೊಳ್ಳುವುದು ಲೇಸು, ಇಲ್ಲವಾದರೆ ನೀವು ಗೆಳೆಯರೊಂದಿಗೆ ಮಾತಾಡುತ್ತಿರುವಾಗ ಎಚ್ಚರಿಕೆ ತಪ್ಪಿಹೋಗುತ್ತದೆ.

ಮನೆಯಲ್ಲಿಡುವ ಸೆಟ್ಟಿಗೂ ಕಾರಿನಲ್ಲಿಡುವ ಸೆಟ್ಟಿಗೂ ಇಲ್ಲೊಂದು ವ್ಯತ್ಯಾಸವಿದೆ. ಈ ರೇಡಿಯೊಗಳಿಗೆ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ವಿಭಾಗದ, ಆರಂಕಿ ಸಂಖ್ಯೆಯನ್ನು ತುಂಬಿದರೆ, ಉದಾಹರಣೆಗೆ ಒಕ್ಲಹೋಮದ ಕೆನೇಡಿಯನ್ ಕೌಂಟಿಗೆ 040017 ಎಂದು ಕೊಟ್ಟರೆ, ಆ ಕೌಂಟಿಯ ಎಚ್ಚರಿಕೆಗೆ ಮಾತ್ರ ಅವು ಕೂಗುತ್ತವೆ. ಮನೆಯಲ್ಲಿ ಮಲಗಿದವರಿಗೆ ಇದು ವರ. ಮಧ್ಯಾಹ್ನದಿಂದ ಸಂಜೆಯೊಳಗೆ ನಾಲ್ಕಾರು ಕೌಂಟಿಗಳನ್ನು ದಾಟುವವರಿಗೆ ಇದೇ ಅಪಾಯ: ಹಿಂದೆ ಬಿಟ್ಟುಬಂದ ಕೌಂಟಿಗೆ ಬೀಗ ಹಾಕಿಕೊಂಡ ರೇಡಿಯೊ ಮುಂದಿನ ಕೌಂಟಿಯ ಸುಂಟರಗಾಳಿಗೆ ಮೌನವಾಗಿ ಕೂತಿರುತ್ತದೆ. ಹೊರಡುವ ಮುನ್ನ ಅದನ್ನು ಎಲ್ಲ ಕೌಂಟಿಗಳಿಗೂ ತೆರೆದಿಡಿ.

ಹಂತ 3: ಕಾರಿನಲ್ಲಿ ಅಳವಡಿಕೆ

ಕೈಯಲ್ಲಿ ಹಿಡಿಯುವ 5 ವ್ಯಾಟ್ ಸೆಟ್ಟನ್ನು ಕಾರಿನೊಳಗಿನಿಂದ ಅದರ ರಬ್ಬರ್ ಆಂಟೆನಾದಲ್ಲೇ ಬಳಸಿದರೆ ಲೋಹದ ಮೈ ಅಲೆಗಳನ್ನು ತಡೆದು ನಿಲ್ಲಿಸುತ್ತದೆ. ಮಾತು ಒಂದೆರಡು ಮೈಲಿ ದಾಟಿದರೆ ಪುಣ್ಯ. ಅದೇ ಸೆಟ್ಟಿಗೆ ಚಾವಣಿಯ ಮೇಲಿನ ಆಂಟೆನಾ ಕಟ್ಟಿದರೆ ಚಿತ್ರವೇ ಬದಲಾಗುತ್ತದೆ. ಹಣ ಸೀಮಿತವಾಗಿದ್ದರೆ ಮೊದಲು ಆಂಟೆನಾಕ್ಕೆ ಖರ್ಚು ಮಾಡಿ, 50 ವ್ಯಾಟ್ ಸೆಟ್ಟು ಮುಂದಿನ ವರ್ಷಕ್ಕಿರಲಿ. ಚಾವಣಿಯ ನಟ್ಟನಡುವೆ ನಿಲ್ಲಿಸಿದ ಕಾಲು ತರಂಗದ ಆಂಟೆನಾ, 2 ಮೀಟರ್ ಪಟ್ಟಿಗೆ ಸುಮಾರು 49 ಸೆಂಟಿಮೀಟರ್ ಉದ್ದದ ಬರಿಯ ಕಡ್ಡಿ, ಈ ಕೆಲಸಕ್ಕೆ ಧಾರಾಳ ಸಾಕು. ಉದ್ದನೆಯ ಆಂಟೆನಾಗಳು ದೂರ ಮುಟ್ಟುತ್ತವೆ ಎಂಬುದು ನಿಜ, ಆದರೆ ಬಿರುಗಾಳಿಗೆ ಬಾಗಿ, ಆಲಿಕಲ್ಲಿಗೆ ಸಿಕ್ಕು, ಮರದ ಕೊಂಬೆಗೆ ತಗುಲಿ ಮೊದಲು ಮುರಿಯುವುದೂ ಅವೇ.

ಅಯಸ್ಕಾಂತದ ಬುಡವಿರುವ ಆಂಟೆನಾ ಸುಲಭ. ಆದರೆ ನಿಮ್ಮ ಕಾರಿನ ಚಾವಣಿ ಉಕ್ಕಿನದೇ ಎಂದು ಮೊದಲು ನೋಡಿ. 2015ರ ಮಾದರಿಯಿಂದೀಚೆಗೆ ಫೋರ್ಡ್ ಎಫ್-150 ಟ್ರಕ್ಕಿನ ಮೈ ಅಲ್ಯೂಮಿನಿಯಂ, ಅದಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ. ಅಂಥ ಗಾಡಿಗೆ ಬಾನೆಟ್ಟಿನ ಅಂಚಿಗೆ ತಿರುಪು ಹಾಕಿ ಬಿಗಿಯುವ ಬುಡ ಬೇಕಾಗುತ್ತದೆ. ಕೇಬಲ್ಲನ್ನು ಒಳಗೆ ತರುವಾಗ ಬಾಗಿಲಿಗಿಂತ ಕೆಳಗೆ ಒಂದು ಸಣ್ಣ ಕುಣಿಕೆ ಇಳಿಬಿಟ್ಟು ಆಮೇಲೆ ಮೇಲೆತ್ತಿ ಒಳಗೆ ಸೇರಿಸಿ. ಮಳೆನೀರು ಆ ಕುಣಿಕೆಯ ತಳದಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಸೀಟಿನ ಮೇಲೆ ಹರಿಯುವುದಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಜುಗ್ಗತನ ಬೇಡ. 50 ವ್ಯಾಟ್ ಸೆಟ್ಟು ಮಾತಾಡುವಾಗ ಹತ್ತು ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಸಿಗರೇಟು ಹಚ್ಚುವ ಸಾಕೆಟ್ಟು ಅದಕ್ಕೆ ತಕ್ಕದ್ದಲ್ಲ. ಬ್ಯಾಟರಿಯಿಂದಲೇ ದಪ್ಪ ತಂತಿ ಎಳೆದು, ಸೆಟ್ಟಿನ ಕೈಪಿಡಿಯಲ್ಲಿ ಹೇಳಿದಲ್ಲೆಲ್ಲ ಫ್ಯೂಸ್ ಹಾಕಿ. ಆ ಬಳಿಕ ಎಂಜಿನ್ ಚಾಲೂ ಮಾಡಿ, ಫೋನಿನ ಚಾರ್ಜರ್, ಡ್ಯಾಶ್ ಕ್ಯಾಮೆರಾ, ಲ್ಯಾಪ್‌ಟಾಪಿನ ಇನ್ವರ್ಟರ್ ಒಂದೊಂದನ್ನೇ ಸಿಕ್ಕಿಸುತ್ತ ರೇಡಿಯೊ ಕೇಳಿ. ಅಗ್ಗದ ಚಾರ್ಜರುಗಳು ಎಬ್ಬಿಸುವ ಗದ್ದಲ ದೂರದ ರಿಪೀಟರನ್ನು ಪೂರ್ತಿ ಮುಳುಗಿಸಿಬಿಡುತ್ತದೆ. ನನ್ನ ಮೊದಲ ವರ್ಷದ ಅರ್ಧ ಋತು ಸೆಟ್ಟು ಕೆಟ್ಟಿದೆ ಎಂಬ ಭ್ರಮೆಯಲ್ಲೇ ಕಳೆಯಿತು; ತಪ್ಪಿತಸ್ಥ ಐದು ಡಾಲರಿನ ಚಾರ್ಜರ್.

ಹಂತ 4: ಚಾನೆಲ್‌ಗಳನ್ನು ತುಂಬಿಸುವುದು

ಚಲಿಸುವ ಕಾರಿನಲ್ಲಿ, ಕತ್ತಲು ಕವಿದ ಆಕಾಶದಡಿಯಲ್ಲಿ, ಗುಂಡಿ ಒತ್ತಿ ತರಂಗಾಂತರ ಹುಡುಕುವ ಪ್ರಮೇಯವೇ ಬರಬಾರದು. ಋತುವಿಗೆ ಮುಂಚೆಯೇ ಕಂಪ್ಯೂಟರಿನಲ್ಲಿ ಕುಳಿತು, ರಿಪೀಟರ್‌ಬುಕ್‌ನಂಥ ಪಟ್ಟಿಯಿಂದ ನೀವು ಓಡಾಡುವ ಪ್ರದೇಶದ ರಿಪೀಟರ್‌ಗಳನ್ನು ಆರಿಸಿ, ಚರ್ಪ್ ಎಂಬ ಉಚಿತ ತಂತ್ರಾಂಶದ ಮೂಲಕ ಸೆಟ್ಟಿಗೆ ತುಂಬಿಸಬಹುದು. ಪ್ರತಿ ರಿಪೀಟರ್‌ಗೂ ಮೂರು ವಿವರ ಸರಿಯಿರಬೇಕು: ಅದು ಮಾತಾಡುವ ತರಂಗಾಂತರ, ನೀವು ಮಾತಾಡುವಾಗ ಸರಿಯಬೇಕಾದ ಅಂತರ, ಮತ್ತು ರಿಪೀಟರ್‌ನ ಬಾಗಿಲು ತೆರೆಸುವ ಟೋನ್, ಅಂದರೆ ನಿಮ್ಮ ಮಾತಿನ ಜೊತೆ ಸೆಟ್ಟು ಕಳುಹಿಸುವ ಸಣ್ಣ ಸ್ವರ. ಅಂತರ 2 ಮೀಟರ್ ಪಟ್ಟಿಯಲ್ಲಿ ಸಾಮಾನ್ಯವಾಗಿ 600 ಕಿಲೋಹರ್ಟ್ಸ್, 70 ಸೆಂಟಿಮೀಟರ್ ಪಟ್ಟಿಯಲ್ಲಿ 5 ಮೆಗಾಹರ್ಟ್ಸ್. ಟೋನ್ ತಪ್ಪಿದ್ದರೆ ನಿಮಗೆ ಎಲ್ಲರೂ ಕೇಳಿಸುತ್ತಾರೆ, ನೀವು ಮಾತ್ರ ಯಾರಿಗೂ ಕೇಳಿಸುವುದಿಲ್ಲ. ಇದು ಹೊಸಬರಲ್ಲಿ ಹತ್ತರಲ್ಲಿ ಎಂಟು ಮಂದಿ ಮಾಡುವ ತಪ್ಪು ಎಂದು ಧೈರ್ಯವಾಗಿ ಹೇಳಬಲ್ಲೆ.

ತುಂಬಿಸುವಾಗ ಅಕ್ಷರಮಾಲೆಯ ಕ್ರಮ ಬೇಡ, ಹೆದ್ದಾರಿಯ ಕ್ರಮ ಇರಲಿ. ಅಂತರರಾಜ್ಯ ಹೆದ್ದಾರಿ 40ರ ಗುಂಟ ಪಶ್ಚಿಮದಿಂದ ಪೂರ್ವಕ್ಕೆ ಬರುವ ಊರುಗಳ ರಿಪೀಟರ್‌ಗಳು ಅದೇ ಸಾಲಿನಲ್ಲಿದ್ದರೆ ಗುಂಡಿಯನ್ನು ಒಂದು ಮೆಟ್ಟಿಲು ತಿರುಗಿಸಿದರೆ ಸಾಕು, ಮುಂದಿನ ಊರು ಸಿಗುತ್ತದೆ. ಮೊದಲ ಹತ್ತು ಸ್ಥಾನಗಳಲ್ಲಿ ಏಳು ಹವಾಮಾನ ಚಾನೆಲ್‌ಗಳನ್ನೂ, 146.520 ಮತ್ತು ಬಯಲುಸೀಮೆಯಲ್ಲಿ ಬಿರುಗಾಳಿಯ ಬೆನ್ನು ಹತ್ತುವವರು ರೂಢಿಯಿಂದ ಬಳಸುವ 146.550 ಅನ್ನೂ ಇಡಿ. ಸ್ಥಾನ ತಿಳಿಸುವ ಎಪಿಆರ್‌ಎಸ್ ಸೌಲಭ್ಯ ನಿಮ್ಮ ಸೆಟ್ಟಿನಲ್ಲಿದ್ದರೆ ಉತ್ತರ ಅಮೆರಿಕದಲ್ಲಿ ಅದರ ತರಂಗಾಂತರ 144.390. ಅದು ನಿಮ್ಮ ಜಿಪಿಎಸ್ ಸ್ಥಾನವನ್ನು ತಾನಾಗಿಯೇ ಕಳುಹಿಸುವುದರಿಂದ ಮನೆಯಲ್ಲಿ ಕಾಯುತ್ತಿರುವವರು ನಕ್ಷೆಯಲ್ಲಿ ನೋಡಬಹುದು. ಹತ್ತು ಸೆಕೆಂಡಿಗೊಮ್ಮೆ ಕಳುಹಿಸಿ ಎಲ್ಲರ ದಾರಿಗೂ ಅಡ್ಡ ನಿಲ್ಲಬೇಡಿ, ಒಂದೆರಡು ನಿಮಿಷಕ್ಕೊಮ್ಮೆ ಸಾಕು.

ಹಂತ 5: ತಂಡದೊಳಗಿನ ಮಾತು

ಎರಡು ಮೂರು ಕಾರುಗಳು ಒಟ್ಟಿಗೆ ಹೊರಟರೆ ತಂಡದ ಮಾತಿಗೆ ರಿಪೀಟರ್ ಬಳಸಬೇಡಿ; ಸೆಟ್ಟಿನಿಂದ ಸೆಟ್ಟಿಗೆ ನೇರವಾಗಿ, ಅಂದರೆ ಸಿಂಪ್ಲೆಕ್ಸ್‌ನಲ್ಲಿ ಮಾತಾಡಿ. ಬೆಳಗಿನ ತಿಂಡಿಯ ಹೊತ್ತಿಗೇ ಮುಖ್ಯ ತರಂಗಾಂತರ ಯಾವುದು, ಅಲ್ಲಿ ಬೇರೆಯವರಿದ್ದರೆ ಎಲ್ಲಿಗೆ ಸರಿಯಬೇಕು, ಒಬ್ಬರಿಗೊಬ್ಬರು ಕೇಳಿಸದೆ ಹೋದರೆ ಯಾವ ಊರಿನ ಯಾವ ಪೆಟ್ರೋಲ್ ಬಂಕಿನಲ್ಲಿ ಸೇರಬೇಕು ಎಂಬ ಮೂರನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಇವುಗಳಲ್ಲಿ ಕೊನೆಯದನ್ನು ಬರೆದುಕೊಳ್ಳುವವರು ಕಡಿಮೆ, ಬೇಕಾಗುವುದು ಅದೇ.

ಚಾಲಕ ಮೈಕ್ ಮುಟ್ಟಬಾರದು ಎಂಬ ನಿಯಮವನ್ನು ತಂಡ ಮೊದಲೇ ಒಪ್ಪಿಕೊಂಡಿರಬೇಕು. ಚಾಲಕ ರಸ್ತೆಗೆ, ಪಕ್ಕದವರು ರೇಡಿಯೊಗೆ ಮತ್ತು ನಕ್ಷೆಗೆ. ಒಬ್ಬರೇ ಹೋಗುವವರಾದರೆ ಮಾತಾಡಬೇಕೆನಿಸಿದಾಗ ಕಾರನ್ನು ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಿ. ಬಿರುಗಾಳಿಯ ಬೆನ್ನು ಹತ್ತುವುದರಲ್ಲಿ ದಿನದಿನದ ಅಪಾಯ ಸುಂಟರಗಾಳಿಯದಲ್ಲ. ಒದ್ದೆ ರಸ್ತೆ, ಧೂಳು, ಮಳೆಯಲ್ಲಿ ಕಾಣದ ತಿರುವು, ಹೆದ್ದಾರಿಯಲ್ಲಿ ಆಕಾಶ ನೋಡುತ್ತ ಗಾಡಿ ನಡೆಸುವ ಇತರರು, ಇವುಗಳದ್ದು.

ಹಂತ 6: ಸ್ಕೈವಾರ್ನ್ ಜಾಲಕ್ಕೆ ವರದಿ

ಅಮೆರಿಕದ ಹವಾಮಾನ ಸೇವೆಯ ಸ್ಕೈವಾರ್ನ್ ಕಾರ್ಯಕ್ರಮದಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಮಂದಿ ತರಬೇತಿ ಪಡೆದ ಸ್ಪಾಟರ್‌ಗಳು, ಅಂದರೆ ಕಣ್ಣಾರೆ ಕಂಡದ್ದನ್ನು ವರದಿ ಮಾಡುವ ಸ್ವಯಂಸೇವಕರು, ಇದ್ದಾರೆ. ತರಬೇತಿ ಉಚಿತ, ಸುಮಾರು ಎರಡು ಗಂಟೆಯದು, ಸ್ಥಳೀಯ ಹವಾಮಾನ ಕಚೇರಿಗಳು ನಡೆಸಿಕೊಡುತ್ತವೆ. ರಾಡಾರಿನ ಕಿರಣ ದೂರ ಹೋದಂತೆ ನೆಲದಿಂದ ಮೇಲೇರುವುದರಿಂದ ಮೋಡದ ಬುಡದಲ್ಲಿ ಏನಾಗುತ್ತಿದೆ ಎಂಬುದು ಅದಕ್ಕೆ ಕಾಣುವುದಿಲ್ಲ. ನೆಲದ ಮೇಲೆ ನಿಂತ ಮನುಷ್ಯನ ಎರಡು ಕಣ್ಣಿಗೆ ಇಷ್ಟು ಬೆಲೆ ಬಂದಿರುವುದು ಆ ಕಾರಣಕ್ಕೆ. ಬಿರುಗಾಳಿಯ ದಿನ ಸ್ಥಳೀಯ ರಿಪೀಟರ್‌ನಲ್ಲಿ ನೆಟ್ಟನ್ನು, ಅಂದರೆ ಸರದಿಯಂತೆ ನಡೆಯುವ ವರದಿಗಳ ಮಾತುಕತೆಯನ್ನು, ನಡೆಸುವ ನೆಟ್ ಕಂಟ್ರೋಲ್ ಎಂಬ ಒಬ್ಬರು ಹಿಡಿತ ತೆಗೆದುಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಅವರು ಕರೆಯದೆ ಯಾರೂ ಮಾತಾಡುವುದಿಲ್ಲ, ವರದಿಯಿದ್ದವರು ಮಾತ್ರ ಕಾಲ್‌ಸೈನ್ ಹೇಳಿ ಸರದಿಗೆ ಕಾಯುತ್ತಾರೆ. ಹೊಸ ಕೌಂಟಿಗೆ ಕಾಲಿಟ್ಟ ಕೂಡಲೇ ಐದು ನಿಮಿಷ ಬರಿದೇ ಕೇಳಿ. ಯಾರು ನಡೆಸುತ್ತಿದ್ದಾರೆ, ಯಾವ ಬಗೆಯ ವರದಿ ಬೇಕೆನ್ನುತ್ತಿದ್ದಾರೆ, ಈಗಾಗಲೇ ಏನು ವರದಿಯಾಗಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಯಾವುದು ವರದಿ, ಯಾವುದು ಹರಟೆ? ಸುಂಟರಗಾಳಿ, ಮೋಡದಿಂದ ಇಳಿಯುತ್ತಿರುವ ಆಲಿಕೆಯಾಕಾರದ ಸುಳಿ, ತಿರುಗುತ್ತಿರುವ ಗೋಡೆಮೋಡ (ಗುಡುಗುಮೋಡದ ಬುಡದಿಂದ ಕೆಳಗೆ ತಗ್ಗಿದ ಭಾಗ), ಒಂದು ಇಂಚು ಅಥವಾ ಅದಕ್ಕಿಂತ ದೊಡ್ಡ ಆಲಿಕಲ್ಲು, ಗಂಟೆಗೆ 58 ಮೈಲಿ ಮೀರಿದ ಗಾಳಿ, ಗಾಳಿಯಿಂದಾದ ಹಾನಿ, ರಸ್ತೆ ಮುಚ್ಚುವ ದಿಢೀರ್ ನೆರೆ: ಇವು ವರದಿ. ‘ಇಲ್ಲಿ ಮೋಡ ಬಹಳ ಕಪ್ಪಾಗಿದೆ’ ಎಂಬುದು ವರದಿಯಲ್ಲ. ಬೇರೆಯವರ ಫೋನಿನಲ್ಲಿ ನೋಡಿದ ರಾಡಾರ್ ಚಿತ್ರವಂತೂ ಅಲ್ಲವೇ ಅಲ್ಲ, ಅದನ್ನು ಕಚೇರಿಯವರು ನಿಮಗಿಂತ ಚೆನ್ನಾಗಿ ನೋಡುತ್ತಿರುತ್ತಾರೆ.

ವರದಿಯ ಮೈಕಟ್ಟು ಹೀಗಿರಲಿ: ನೀವು ಯಾರು, ಎಷ್ಟು ಹೊತ್ತಿಗೆ ಕಂಡಿರಿ, ಏನು ಕಂಡಿರಿ, ಎಲ್ಲಿ. ಈ ನಾಲ್ಕರಲ್ಲಿ ಜನ ಎಡವುವುದು ಕೊನೆಯದರಲ್ಲಿ. ನೀವು ನಿಂತಿರುವ ಸ್ಥಳ ಬೇರೆ, ನೀವು ನೋಡುತ್ತಿರುವ ಸುಳಿಯ ಸ್ಥಳ ಬೇರೆ. ‘ನಾನು ಎಲ್ ರೀನೊ ಊರಿನಿಂದ ನೇರ ದಕ್ಷಿಣಕ್ಕೆ 3 ಮೈಲಿಯಲ್ಲಿದ್ದೇನೆ, ಪಶ್ಚಿಮಕ್ಕೆ ನೋಡುತ್ತಿದ್ದೇನೆ, ತಿರುಗುತ್ತಿರುವ ಗೋಡೆಮೋಡ ನನ್ನಿಂದ ಅಂದಾಜು 4 ಮೈಲಿ ದೂರದಲ್ಲಿದೆ’ ಎಂಬರ್ಥದ ಮಾತು ಬಂದರೆ ಕಚೇರಿಯವರು ನಕ್ಷೆಯ ಮೇಲೆ ಚುಕ್ಕೆಯಿಡಬಲ್ಲರು. ‘ನನ್ನ ಎಡಕ್ಕೆ’ ಎಂದರೆ ಯಾರಿಗೂ ಏನೂ ತಿಳಿಯದು. ಒಕ್ಲಹೋಮ, ಕ್ಯಾನ್ಸಸ್‌ಗಳ ಹಳ್ಳಿರಸ್ತೆಗಳು ಬಹುಪಾಲು ಮೈಲಿಗೊಂದರಂತೆ ಉತ್ತರ–ದಕ್ಷಿಣ, ಪೂರ್ವ–ಪಶ್ಚಿಮವಾಗಿ ಚೌಕಾಬಾರದ ಮನೆಗಳಂತೆ ಹಾದುಹೋಗುವುದರಿಂದ ಊರಿನಿಂದ ಎಷ್ಟನೇ ರಸ್ತೆ ಎಂದು ಎಣಿಸಿಕೊಂಡು ಹೋದರೆ ಈ ಲೆಕ್ಕ ಕಷ್ಟವಲ್ಲ. ಪಾಪ, ಕಿಲೋಮೀಟರಿನಲ್ಲಿ ಯೋಚಿಸುವ ಅಭ್ಯಾಸವನ್ನು ಆ ದಿನಕ್ಕೆ ಮನೆಯಲ್ಲಿ ಬಿಟ್ಟು ಬರಬೇಕು.

ಆಲಿಕಲ್ಲಿನ ಗಾತ್ರ ಹೇಳುವಾಗ ನಮ್ಮ ನಾಲಿಗೆಗೆ ಮೊದಲು ಬರುವುದು ಅಡಿಕೆ, ನೆಲ್ಲಿಕಾಯಿ, ನಿಂಬೆಹಣ್ಣು. ಅಲ್ಲಿನ ಅಳತೆಗೋಲು ಬೇರೆ: ಕ್ವಾರ್ಟರ್ ನಾಣ್ಯವೆಂದರೆ ಒಂದು ಇಂಚು, ಗಾಲ್ಫ್ ಚೆಂಡೆಂದರೆ 1.75, ಬೇಸ್‌ಬಾಲ್ ಎಂದರೆ 2.75. ಗೋಲಿಯ ಹೋಲಿಕೆ ಬೇಡ, ಗೋಲಿಗಳಲ್ಲಿ ನೂರೆಂಟು ಗಾತ್ರವಿದೆ. ಅಳೆದು ಹೇಳಿದ್ದೋ ಕಣ್ಣಂದಾಜೋ ಎಂಬುದನ್ನೂ ಸೇರಿಸಿ, ಆದರೆ ಅಳೆಯಲೆಂದು ಆಲಿಕಲ್ಲು ಬೀಳುವಾಗ ಹೊರಗಿಳಿಯಬೇಡಿ.

ಉಚ್ಚಾರದ ಬಗ್ಗೆಯೂ ಒಂದು ಮಾತು. ಕನ್ನಡ ಬಾಯಿಗೆ ಇಂಗ್ಲಿಷಿನ ವಿ ಮತ್ತು ಡಬ್ಲ್ಯು ಅಕ್ಷರಗಳ ದನಿ ಹೆಚ್ಚುಕಡಿಮೆ ಒಂದೇ ಆಗಿ ಹೊರಡುತ್ತದೆ, ಗಾಳಿಯ ಸದ್ದಿನಲ್ಲಿ ಬಿ, ಡಿ, ಪಿ, ಟಿ ಯಾರ ಬಾಯಲ್ಲೂ ಒಂದೇ. ಕಾಲ್‌ಸೈನನ್ನು ಬ್ರಾವೊ, ಡೆಲ್ಟಾ, ವಿಕ್ಟರ್, ವಿಸ್ಕಿ ಎಂಬ ಅಂತರರಾಷ್ಟ್ರೀಯ ಪದಮಾಲೆಯಲ್ಲೇ ಹೇಳಿ. ಗುಂಡಿ ಒತ್ತಿ ಒಂದು ಸೆಕೆಂಡು ತಡೆದು ಮಾತು ಶುರುಮಾಡಿ, ಇಲ್ಲದಿದ್ದರೆ ರಿಪೀಟರ್ ಎಚ್ಚರಗೊಳ್ಳುವಷ್ಟರಲ್ಲಿ ನಿಮ್ಮ ಮೊದಲ ಪದ ಕತ್ತರಿಸಿಹೋಗಿರುತ್ತದೆ. ಮೈಕನ್ನು ಬಾಯಿಗೆ ಅಡ್ಡಲಾಗಿ ನಾಲ್ಕು ಬೆರಳು ದೂರ ಹಿಡಿದು ಸಾಮಾನ್ಯ ದನಿಯಲ್ಲಿ ಮಾತಾಡಿ. ಕೂಗಿದರೆ ಮಾತು ಒಡೆಯುತ್ತದೆಯೇ ಹೊರತು ದೂರ ಹೋಗುವುದಿಲ್ಲ.

ಯಾರಿಗಾದರೂ ಪೆಟ್ಟಾಗಿರುವುದು ಕಂಡರೆ ಮೊದಲು 911ಕ್ಕೆ ಫೋನ್ ಪ್ರಯತ್ನಿಸಿ. ಸಿಗದಿದ್ದರೆ ನೆಟ್ ನಡೆಯುತ್ತಿದ್ದರೂ ಮಾತಿನ ನಡುವಿನ ಸಂದಿನಲ್ಲಿ ‘ಎಮರ್ಜೆನ್ಸಿ’ ಎಂದು ಹೇಳಿ ನುಗ್ಗಬಹುದು, ಎಲ್ಲರೂ ದಾರಿ ಬಿಡುತ್ತಾರೆ.

ಹಂತ 7: ರೇಡಿಯೊ ಹೇಳದ್ದು

2013ರ ಮೇ 31ರ ಸಂಜೆ ಇದೇ ಎಲ್ ರೀನೊ ಬಳಿ ಎದ್ದ ಸುಂಟರಗಾಳಿ 2.6 ಮೈಲಿ ಅಗಲಕ್ಕೆ ಬೆಳೆಯಿತು, ಅಮೆರಿಕದಲ್ಲಿ ದಾಖಲಾದ ಅತಿ ಅಗಲದ ಸುಂಟರಗಾಳಿ ಅದು. ಮೊದಲು ಆಗ್ನೇಯಕ್ಕೆ ಸಾಗುತ್ತಿದ್ದದ್ದು ಬೇಗಬೇಗನೆ ಹಿಗ್ಗುತ್ತ ಪೂರ್ವಕ್ಕೂ ಅಲ್ಲಿಂದ ಈಶಾನ್ಯಕ್ಕೂ ತಿರುಗಿತು, ಮಳೆಯ ಪರದೆಯಲ್ಲಿ ಅದರ ಅಂಚು ಎಲ್ಲಿದೆ ಎಂಬುದು ಹತ್ತಿರದವರಿಗೇ ಕಾಣುತ್ತಿರಲಿಲ್ಲ. ದಶಕಗಳ ಅನುಭವವಿದ್ದ ಸಂಶೋಧಕ ಟಿಮ್ ಸಮಾರಸ್, ಅವರ ಮಗ ಪಾಲ್ ಮತ್ತು ಸಹೋದ್ಯೋಗಿ ಕಾರ್ಲ್ ಯಂಗ್ ಅಂದು ತೀರಿಕೊಂಡರು. ಉಪಕರಣವಾಗಲಿ ಅನುಭವವಾಗಲಿ ಅವರಲ್ಲಿ ಕಡಿಮೆಯಿರಲಿಲ್ಲ.

ರೇಡಿಯೊದಲ್ಲಿ ಕೇಳಿದ ವರದಿಯೂ ಫೋನಿನ ರಾಡಾರ್ ಚಿತ್ರವೂ ಕಳೆದುಹೋದ ಕ್ಷಣದ ಸುದ್ದಿ ಎಂಬುದನ್ನು ಲೆಕ್ಕದಲ್ಲಿಟ್ಟುಕೊಂಡೇ ನಿರ್ಧರಿಸಬೇಕು. ರಾಡಾರ್ ಒಂದು ಸುತ್ತು ಮುಗಿಸಲು ನಾಲ್ಕರಿಂದ ಆರು ನಿಮಿಷ ಹಿಡಿಯುತ್ತದೆ. ಗಂಟೆಗೆ 40 ಮೈಲಿ ವೇಗದ ಬಿರುಗಾಳಿ ಐದು ನಿಮಿಷದಲ್ಲಿ ಮೂರು ಮೈಲಿಗಿಂತ ಹೆಚ್ಚು ಮುಂದೆ ಬಂದಿರುತ್ತದೆ. ಆದ್ದರಿಂದ ನೆಟ್‌ನಲ್ಲಿ ಯಾರೋ ‘ಅದು ಉತ್ತರಕ್ಕೆ ಹೋಯಿತು’ ಎಂದದ್ದನ್ನು ನಂಬಿ ಮಳೆಯೊಳಗೆ ನುಗ್ಗಬೇಡಿ. ಸುಳಿ ಕಣ್ಣಿಗೆ ಕಾಣದಿದ್ದರೆ ತಪ್ಪಿಸಿಕೊಳ್ಳುವ ರಸ್ತೆಯ ಕಡೆಗೆ ತಿರುಗಿ. ವರದಿ ಮಾಡುವ ಹುಮ್ಮಸ್ಸಿನಲ್ಲಿ ಒಂದು ನಿಮಿಷ ಹೆಚ್ಚು ನಿಲ್ಲುವುದು ಬೇಡ.

ಸಿಡಿಲು ಹತ್ತಿರವಾದಾಗ ಮೈಕನ್ನು ಅದರ ಕೊಕ್ಕೆಗೆ ಸಿಕ್ಕಿಸಿ, ಕೇಬಲ್ಲುಗಳಿಂದ ಕೈ ದೂರವಿಟ್ಟು, ಕಿಟಕಿ ಮುಚ್ಚಿ ಕೂಡಿ. ಕಾರಿನ ಲೋಹದ ಮೈ ಕಾಪಾಡುತ್ತದೆ, ಆದರೆ ಚಾವಣಿಯ ಆಂಟೆನಾದ ಕೇಬಲ್ಲು ಆ ಮೈಯನ್ನು ಹಾದು ನಿಮ್ಮ ಕೈಯವರೆಗೆ ಬರುವ ದಾರಿ. ಸರಿಪಡಿಸಲೆಂದು ಹೊರಗಿಳಿದು ಆಂಟೆನಾ ಮುಟ್ಟುವ ಕೆಲಸವನ್ನಂತೂ ಮೋಡ ಸರಿದ ಮೇಲಷ್ಟೇ ಮಾಡಿ.

ಹಂತ 8: ಹಿಂದಿರುಗುವಾಗ

ನೆಟ್‌ನಲ್ಲಿ ಹೆಸರು ಕೊಟ್ಟಿದ್ದರೆ ಆ ಕೌಂಟಿ ಬಿಡುವಾಗ ನೆಟ್ ಕಂಟ್ರೋಲ್‌ಗೆ ಹೇಳಿ ಹೊರಡಿ. ಹೇಳದೆ ಹೋದರೆ ಎರಡು ಬಾರಿ ಕರೆದರೂ ಓಗೊಡದ ನಿಮ್ಮನ್ನು ಅಪಾಯದಲ್ಲಿದ್ದೀರಿ ಎಂದು ಭಾವಿಸಿ ಹುಡುಕಲು ಯಾರನ್ನಾದರೂ ಕಳುಹಿಸುವ ಯೋಚನೆ ಅವರಿಗೆ ಬರಬಹುದು. ಮನೆ ಮುಟ್ಟಿದ ಮೇಲೆ ಆಂಟೆನಾದ ಬುಡ ಬಿಚ್ಚಿ ನೀರು ಹೊಕ್ಕಿದೆಯೇ ನೋಡಿ, ಅಯಸ್ಕಾಂತದಡಿ ಸಿಕ್ಕ ಮರಳನ್ನು ಒರೆಸಿ, ಬಾಗಿಲಿನ ಸಂದಿಯಲ್ಲಿ ಕೇಬಲ್ಲು ಜಜ್ಜಿದೆಯೇ ಎಂದು ಬೆರಳಾಡಿಸಿ ಪರೀಕ್ಷಿಸಿ. ಅಂದು ಕೇಳಿಸದ ರಿಪೀಟರ್‌ಗಳ ಪಟ್ಟಿಯನ್ನು ನೆನಪಿರುವಾಗಲೇ ತೆಗೆದು, ಅವುಗಳ ಟೋನ್ ಬದಲಾಗಿದೆಯೇ ಎಂದು ಅದೇ ರಾತ್ರಿ ನೋಡಿಬಿಡಿ; ಬಯಲಿನಲ್ಲಿ ಮೇ ತಿಂಗಳಿನ ಬಿರುಗಾಳಿ ಮರುದಿನ ಮಧ್ಯಾಹ್ನವೇ ಮತ್ತೆ ಏಳುವುದುಂಟು.